ಸ್ವಲ್ಪ ಮೆಲ್ಲಗೆ ನುಡಿಸ್ತೀರಾ?

ಹೀಗೆ ಕೇಳಿದ್ದು ನಾನೇ. ಶುಕ್ರವಾರ ಸ್ಟಾಕ್‌ಹೋಮ್‌ನ ಒಂದು ಹೋಟೆಲಿನಲ್ಲಿ ಆಫೀಸಿನವರ ಊಟ ಇತ್ತು. ಮೂಲೆಯಲ್ಲಿ ಬಿಳಿಗೂದಲಿನವರೊಬ್ಬರು ಪಿಯಾನೋ ನುಡಿಸುತ್ತಿದ್ದರು. ಮ್ಯಾನೇಜರ್ ಮಾತು ಕೇಳಿಸ್ತಿಲ್ಲ ಅಂತ ಎದ್ದು ಹೋಗಿ ಹೇಳಿದೆ. (ಕೇಳಿಸಿಕೊಳ್ಳುವಂಥ ಮಾತೇನೂ ಅವರದ್ದಲ್ಲ.) ಪಿಯಾನೋದವರು ತಲೆ ಎತ್ತಲಿಲ್ಲ. ಎಡಗಾಲು ಸರಿಸಿ ಎಡಗಡೆಯ ಪೆಡಲ್ ಒತ್ತಿದರು, ಅಷ್ಟೇ. ಸದ್ದು ಇಳಿಯಿತು. ನಾನು ಬಂದು ಆಲೂಗಡ್ಡೆ ತಿಂದೆ.

ಪಕ್ಕದಲ್ಲಿದ್ದ ಸಹೋದ್ಯೋಗಿ ಕೇಳಿದಳು: "ಬೇಬೊ ವಾಲ್ಡೆಸ್ ಹೆಸರು ಕೇಳಿದ್ದೀಯಾ? ಇದೇ ಊರಿನ ಹೋಟೆಲುಗಳಲ್ಲಿ ಹೀಗೇ ನುಡಿಸ್ತಿದ್ದರು."

ಕೇಳಿರಲಿಲ್ಲ. ಶನಿವಾರ ಪೂರ್ತಿ ಅವರದ್ದೇ ಸಂಗೀತ ಕೇಳಿದೆ, ಅವರ ಬಗ್ಗೆಯೇ ಓದಿದೆ.

1918ರಲ್ಲಿ ಕ್ಯೂಬಾದ ಕಿವಿಕಾನ್‌ನಲ್ಲಿ ಹುಟ್ಟಿದವರು. 1948ರಿಂದ ಸುಮಾರು ಹತ್ತು ವರ್ಷ ಹವಾನಾದ ಟ್ರಾಪಿಕಾನಾ ಎಂಬ ನೈಟ್‌ಕ್ಲಬ್ಬಿನಲ್ಲಿ ಪಿಯಾನೋ ವಾದಕ. 1952ರಲ್ಲಿ ಬಟಂಗಾ ಅಂತ ಹೊಸ ತಾಳವನ್ನೇ ಕಟ್ಟಿದರು. ಆಮೇಲೆ ಕ್ರಾಂತಿ. 1960ರಲ್ಲಿ ದೇಶ ಬಿಟ್ಟರು, ಮತ್ತೆ ಹೋಗಲೇ ಇಲ್ಲ. 1963ರಲ್ಲಿ ವಾದ್ಯತಂಡದ ಜೊತೆ ಸ್ಟಾಕ್‌ಹೋಮ್‌ಗೆ ಬಂದಾಗ ರೋಸ್ ಮರೀ ಎಂಬ ಹುಡುಗಿ ಮೇಲೆ ಮನಸ್ಸಾಯಿತು. ಮದುವೆಯಾಗಿ ಇಲ್ಲೇ ಉಳಿದರು. ಮುಂದಿನ ಎಷ್ಟೋ ವರ್ಷ ಹೋಟೆಲಿನಲ್ಲಿ ಊಟ ಮಾಡುವವರಿಗೆ ಪಿಯಾನೋ. ಹವಾನಾದ ದೊಡ್ಡ ವಾದ್ಯತಂಡಗಳಿಗೆ ಸಂಗೀತ ಬರೆದುಕೊಟ್ಟ ಕೈ ಅದು. ನನ್ನಂಥವರು ಎಷ್ಟು ಜನ ಎದ್ದು ಹೋಗಿ ಮೆಲ್ಲಗೆ ಅಂದಿರಬಹುದು!

ಒಂದು ವಿಷಯ ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ದೇಶ ಬಿಡುವಾಗ ಮೊದಲ ಹೆಂಡತಿ, ಮಕ್ಕಳನ್ನು ಕ್ಯೂಬಾದಲ್ಲೇ ಬಿಟ್ಟು ಬಂದರು. ಮಗ ಚೂಚೋಗೆ ಆಗ 19 ವರ್ಷ. ಅಪ್ಪ ಮಗ ಇಬ್ಬರೂ ಹುಟ್ಟಿದ್ದು ಅಕ್ಟೋಬರ್ 9ರಂದೇ. ಅವರು ಮತ್ತೆ ಎದುರಾಗಿದ್ದು 1978ರಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಮಗನ ಇರಾಕೆರೆ ತಂಡ ನುಡಿಸಲು ಬಂದಾಗ. ಹದಿನೆಂಟು ವರ್ಷ! ದೊಡ್ಡ ಕಲಾವಿದ ಅಂತ ಬಿಟ್ಟುಬಿಡೋಕೆ ನನಗಾಗಲ್ಲ. ನಾನೂ ಊರು ಬಿಟ್ಟು ಬಂದವನೇ. ಆದರೂ ಅಪ್ಪನಿಗೆ ಭಾನುವಾರ ಭಾನುವಾರ ಫೋನ್ ಮಾಡ್ತೀನಲ್ವಾ.

1994ರಲ್ಲಿ ಸ್ಯಾಕ್ಸೊಫೋನ್ ವಾದಕ ಪಕೀಟೊ ಡಿ'ರಿವೆರಾ ಕರೆದರು. 76ರ ವಯಸ್ಸಿನಲ್ಲಿ ಬೇಬೊ ಜರ್ಮನಿಗೆ ಹೋಗಿ ಆಲ್ಬಮ್ ಮಾಡಿದರು. ಅಲ್ಲಿಂದ ಶುರುವಾಯಿತು ನೋಡಿ ಎರಡನೇ ಆಟ: ಗ್ರ್ಯಾಮಿಗಳು, ತುಂಬಿದ ಸಭೆಗಳು. 2000ದ 'ಕಾಯೆ 54' ಚಿತ್ರದಲ್ಲಿ ಅಪ್ಪ ಮಗ ಎರಡು ಪಿಯಾನೋ ಮುಂದೆ ಕೂತಿದ್ದಾರೆ. ಆ ತುಣುಕನ್ನು ಹತ್ತು ಸಲವಾದರೂ ನೋಡಿದೆ. ಇಬ್ಬರಲ್ಲಿ ಯಾರಿಗೂ ಅವಸರವಿಲ್ಲ. ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಲೆಕ್ಕ ತೀರಿತಾ ಅಂತ ಮುಖ ನೋಡಿ ಹೇಳೋಕಾಗಲ್ಲ.

2013ರಲ್ಲಿ ಬೇಬೊ ತೀರಿಕೊಂಡಾಗ ವಯಸ್ಸು 94.

ನಿನ್ನೆ ಸಂಜೆ ಅದೇ ಹೋಟೆಲಿಗೆ ಹೋದೆ. ಸುಮ್ನೆ ಒಂದು ಕಾಫಿಗೆ. ಪಿಯಾನೋ ಮುಚ್ಚಿತ್ತು. ಅವರು ಶುಕ್ರವಾರ ಮಾತ್ರ ಬರ್ತಾರಂತೆ.