ಯಂತ್ರ ಹೇಳಿದ್ದು 32, ಸಿಕ್ಕಿದ್ದು 4

ಆಷಾಢ ಶುಕ್ರವಾರದ ಮರುದಿನ, ಕುವೆಂಪುನಗರದ ಮನೆಯಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರವನ್ನು: ಹಳೆಯ ಪುಟಗಳ ಸ್ಕ್ಯಾನ್ ಚಿತ್ರಗಳನ್ನು ತಿದ್ದುವ ನನ್ನ ಪೈಥಾನ್ ಪ್ರೋಗ್ರಾಂ ಲ್ಯಾಪ್‌ಟಾಪಿನಲ್ಲಿ ಚುರುಕಾಗಿ ಓಡಿ, ಕಚೇರಿಯ ದೊಡ್ಡ ಸರ್ವರ್‌ನಲ್ಲಿ ಏಕೆ ತೆವಳುತ್ತಿದೆ?

ಪ್ರೊಸೆಸರಿನಲ್ಲಿ ಲೆಕ್ಕ ಮಾಡುವ ಘಟಕಗಳು, ಅಂದರೆ ಕೋರ್‌ಗಳು, ಎಷ್ಟಿವೆಯೋ ಅಷ್ಟು ಕೆಲಸಗಾರ ಪ್ರಕ್ರಿಯೆಗಳನ್ನು ಹುಟ್ಟಿಸುವಂತೆ ಬರೆದಿದ್ದೆ. ಕೋರ್‌ಗಳನ್ನು ಎಣಿಸಿ ಹೇಳುವ ಪೈಥಾನ್‌ನ ಸಿಪಿಯು_ಕೌಂಟ್ 32 ಎಂದಿತು. ಭೌತಿಕ ಕೋರ್‌ಗಳು ಹದಿನಾರೇ. ಹೈಪರ್‌ಥ್ರೆಡಿಂಗ್‌ನಿಂದ ಪ್ರತಿಯೊಂದೂ ಎರಡಾಗಿ ಕಾಣುತ್ತದೆ. ದೋಷ ಅಲ್ಲಿರಬೇಕೆಂದುಕೊಂಡು ಪ್ರಕ್ರಿಯೆಗಳನ್ನು ಅರ್ಧಕ್ಕೆ ಇಳಿಸಿದೆ, ಹೆಚ್ಚೇನೂ ಬದಲಾಗಲಿಲ್ಲ. ಪ್ರಕ್ರಿಯೆಯನ್ನು ಕೆಲವೇ ಕೋರ್‌ಗಳಿಗೆ ಕಟ್ಟಿಹಾಕಿರಬಹುದೆಂದು, ಅದು ಯಾವ ಯಾವ ಕೋರ್‌ಗಳ ಮೇಲೆ ಓಡಬಹುದು ಎಂಬ ಪಟ್ಟಿಯನ್ನು (ಇದೇ ಅಫಿನಿಟಿ) ಕೊಡುವ ಸ್ಕೆಡ್_ಗೆಟ್‌ಅಫಿನಿಟಿಯನ್ನು ಕೇಳಿದರೆ ಅದೂ ಮೂವತ್ತೆರಡನ್ನೇ ಒಪ್ಪಿಸಿತು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ನಂಬದಿರುವುದು ಹೇಗೆ?

ಮಧ್ಯಾಹ್ನ, ಮಂಡ್ಯದ ಕಡೆಯವರಾದ ಹಿರಿಯ ಸಹೋದ್ಯೋಗಿಗೆ ಫೋನ್ ಮಾಡಿದೆ. "ನಾಲೆ ಎಷ್ಟು ಅಗಲ ಅಂತ ಅಳೀತಾ ಕೂತಿದ್ದೀಯಲ್ಲಪ್ಪ, ನಿನ್ನ ಗದ್ದೆಗೆ ಕಟ್ಟು ನೀರು ಎಷ್ಟು ಬಿಡ್ತಾರೆ ನೋಡು" ಎಂದರು. ಕಟ್ಟು ನೀರೆಂದರೆ ಸರದಿಯಂತೆ ಬಿಟ್ಟು ನಿಲ್ಲಿಸುವ ನೀರು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಮಾತ್ರ ಹೊಳೆಯುವ ಹೋಲಿಕೆ ಅದು, ಮತ್ತು ಅಚ್ಚರಿಯಾಗುವಷ್ಟು ಕರಾರುವಾಕ್ಕಾದದ್ದು.

ಪ್ರೋಗ್ರಾಂ ಓಡುತ್ತಿದ್ದುದು ಡಾಕರ್ ಕಂಟೇನರ್‌ನ ಒಳಗೆ, ಅಂದರೆ ಸರ್ವರ್‌ನೊಳಗೆ ಪ್ರತ್ಯೇಕವಾಗಿ ಬೇಲಿ ಹಾಕಿದ ಜಾಗದಲ್ಲಿ. ಅಲ್ಲಿ, ಪ್ರಕ್ರಿಯೆಗಳ ಬಳಕೆಗೆ ಮಿತಿ ಹಾಕುವ ಲಿನಕ್ಸ್ ವ್ಯವಸ್ಥೆಯಾದ ಸಿಗ್ರೂಪ್‌ನ ಸಿಪಿಯು.ಮ್ಯಾಕ್ಸ್ ಕಡತವನ್ನು ತೆರೆದಾಗ ಕಂಡದ್ದು ಎರಡೇ ಸಂಖ್ಯೆ: 400000 ಮತ್ತು 100000. ಇವು ಮೈಕ್ರೊಸೆಕೆಂಡುಗಳು, ಅಂದರೆ ಪ್ರತಿ 100 ಮಿಲಿಸೆಕೆಂಡಿನ ಸರದಿಯಲ್ಲಿ ಎಲ್ಲ ಪ್ರಕ್ರಿಯೆಗಳೂ ಸೇರಿ 400 ಮಿಲಿಸೆಕೆಂಡಿನಷ್ಟು ಪ್ರೊಸೆಸರ್ ಸಮಯವನ್ನು ಬಳಸಬಹುದು, ಎಂದರೆ ನಾಲ್ಕು ಕೋರ್‌ಗಳ ಪಾಲು. ಈ ಪಾಲು ಯಾವ ಕೋರ್ ಎಂಬುದನ್ನು ಕಟ್ಟುವುದಿಲ್ಲವಾದ್ದರಿಂದ ಅಫಿನಿಟಿಯ ಎಣಿಕೆಗೆ ಸಿಗುವುದೇ ಇಲ್ಲ. 32 ಪ್ರಕ್ರಿಯೆಗಳು ಒಟ್ಟಿಗೆ ಮುಗಿಬಿದ್ದಾಗ ಆ ಪಾಲು 12.5 ಮಿಲಿಸೆಕೆಂಡಿನಲ್ಲೇ ಬರಿದಾಗಿ, ಉಳಿದ 87.5 ಮಿಲಿಸೆಕೆಂಡು ಎಲ್ಲವೂ ತೂಬು ಮುಚ್ಚಿದ ಗದ್ದೆಯಂತೆ ಕಾಯುತ್ತಿದ್ದವು. ಸಿಪಿಯು.ಸ್ಟ್ಯಾಟ್ ಕಡತದಲ್ಲಿ ತಡೆಹಿಡಿದ ಸರದಿಗಳ ಲೆಕ್ಕ ನಾನು ನೋಡುತ್ತಿದ್ದಂತೆಯೇ ಏರುತ್ತಿತ್ತು. ಸಾಲದ್ದಕ್ಕೆ, ಪ್ರತಿಯೊಂದು ಪ್ರಕ್ರಿಯೆಯೂ ದೊಡ್ಡ ಚಿತ್ರವೊಂದನ್ನು ಹಿಡಿದುಕೊಂಡು ಮೆಮೊರಿಯನ್ನು ತುಂಬಿಸಿತ್ತು.

2024ರಲ್ಲಿ ಬಂದ ಪೈಥಾನ್ 3.13ರ ಪ್ರೊಸೆಸ್_ಸಿಪಿಯು_ಕೌಂಟ್ ಕೂಡ ನೋಡುವುದು ಅಫಿನಿಟಿಯನ್ನು, ಈ ಪಾಲನ್ನಲ್ಲ. ಜಾವಾ 2018ರಲ್ಲೇ, ತನ್ನ 10ನೇ ಆವೃತ್ತಿಯಲ್ಲಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು ಎಂಬುದನ್ನು ಪೈಥಾನ್ ಪ್ರೇಮಿಯಾದ ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಳ್ಳಬೇಕಾಯಿತು.

ಕೊನೆಗೆ ಅಫಿನಿಟಿಯ ಎಣಿಕೆ, ಸಿಪಿಯು.ಮ್ಯಾಕ್ಸ್‌ನ ಮೊದಲ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದ ಭಾಗಲಬ್ಧ ಇವೆರಡರಲ್ಲಿ ಚಿಕ್ಕದನ್ನು ಆರಿಸುವ ಏಳೆಂಟು ಸಾಲು ಬರೆದೆ. ಕಡತದಲ್ಲಿ ಮಿತಿಯಿಲ್ಲವೆಂಬ ಅರ್ಥದ 'ಮ್ಯಾಕ್ಸ್' ಪದವಿದ್ದರೆ ಅಫಿನಿಟಿಯನ್ನೇ ಉಳಿಸಿಕೊಳ್ಳುವಂತೆಯೂ ಮಾಡಿದೆ. ನಾಲ್ಕು ಪ್ರಕ್ರಿಯೆಗಳೊಂದಿಗೆ ಮತ್ತೆ ಓಡಿಸಿದಾಗ ತಡೆಹಿಡಿದ ಸರದಿಗಳ ಲೆಕ್ಕ ಬಹುತೇಕ ನಿಂತಲ್ಲೇ ನಿಂತಿತು, ಪುಟಗಳು ಒಂದರ ಹಿಂದೊಂದು ಹೊರಬರತೊಡಗಿದವು.