ಓದಿದ್ದು ಪರೀಕ್ಷೆಯಲ್ಲಿ ಏಕೆ ನೆನಪಾಗುವುದಿಲ್ಲ?

ಶಿವಮೊಗ್ಗದಲ್ಲಿ ಮನಃಶಾಸ್ತ್ರ ಕಲಿಸುವ ನನ್ನನ್ನು ಪಿಯುಸಿ ಮಕ್ಕಳ ತಂದೆತಾಯಂದಿರು ಪರೀಕ್ಷೆ ಹತ್ತಿರವಾದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಹುಡುಗ ಮತ್ತೆ ಮತ್ತೆ ಓದುತ್ತಾನೆ, ಪ್ರಶ್ನೆಪತ್ರಿಕೆ ಕಂಡೊಡನೆ ಎಲ್ಲ ಮರೆಯುತ್ತಾನಲ್ಲ, ಯಾಕೆ?" ಓದುವುದು ಬೇರೆ, ನೆನಪಿಸಿಕೊಳ್ಳುವುದು ಬೇರೆ, ಹುಡುಗ ಮೊದಲನೆಯದನ್ನು ಮಾತ್ರ ರೂಢಿಸಿಕೊಂಡಿದ್ದಾನೆ ಎಂಬುದು ನನ್ನ ಉತ್ತರ.

ಈ ಭೇದವನ್ನು ಭಾರತದ ಪ್ರಾಚೀನ ತರ್ಕಶಾಸ್ತ್ರವಾದ ನ್ಯಾಯದರ್ಶನ ಸ್ಪಷ್ಟವಾಗಿ ಗುರುತಿಸಿದೆ. ಅನುಭವವು ಸಂಸ್ಕಾರವನ್ನು, ಅಂದರೆ ಮನಸ್ಸಿನಲ್ಲಿ ಒಂದು ಅಚ್ಚನ್ನು, ಉಳಿಸುತ್ತದೆ, ಆದರೆ ಅದನ್ನು ಎಚ್ಚರಿಸುವ ಉದ್ಬೋಧಕ, ಅಂದರೆ ಸುಳಿವು, ಒದಗದೆ ಸ್ಮೃತಿ (ನೆನಪು) ಹುಟ್ಟುವುದಿಲ್ಲ. ಈ ದರ್ಶನದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಇಂಥ ನಿಮಿತ್ತಗಳನ್ನು ಹೇಳುವ ದೀರ್ಘ ಸೂತ್ರವೊಂದಿದೆ: ಪ್ರಣಿಧಾನ (ಮನಸ್ಸಿಟ್ಟು ಗಮನಿಸುವುದು), ಅಭ್ಯಾಸ, ಸಾದೃಶ್ಯ (ಹೋಲಿಕೆ), ಆನಂತರ್ಯ (ಒಂದರ ಬೆನ್ನಿಗೆ ಇನ್ನೊಂದು ಬರುವುದು), ವಿರೋಧ, ಭಯ, ಹೀಗೆ ಇಪ್ಪತ್ತಕ್ಕೂ ಹೆಚ್ಚು. ಸದೃಶವಾದದ್ದು, ವಿರುದ್ಧವಾದದ್ದು, ಪಕ್ಕದಲ್ಲಿದ್ದದ್ದು ನೆನಪನ್ನು ಎಳೆದು ತರುತ್ತವೆ ಎಂದು ಗ್ರೀಸಿನಲ್ಲಿ ಅರಿಸ್ಟಾಟಲ್ ಕೂಡ ಬರೆದಿದ್ದ. ಮಲೆನಾಡಿನ ತಾಳಮದ್ದಲೆ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಪಾತ್ರದ ಮಾತನ್ನಾಡುವ ಅರ್ಥಧಾರಿಯ ಮುಂದೆ ಬರೆದಿಟ್ಟ ಮಾತಿರುವುದಿಲ್ಲ, ಭಾಗವತರು ಹಾಡಿದ ಪದವೇ ಅವನೊಳಗಿನ ಪುರಾಣವನ್ನು ಎಬ್ಬಿಸುತ್ತದೆ, ಅದೂ ಎದುರಾಳಿಯ ವಾದದ ನಡುವೆ, ವರ್ಷಗಳ ಕಾಲ ಹಾಗೆ ಎಬ್ಬಿಸಿ ಎಬ್ಬಿಸಿಯೇ ಪಳಗಿದ್ದರಿಂದ.

ಎಲ್ಲವೂ ಪ್ರಾಚೀನರಿಗೆ ಗೊತ್ತಿತ್ತೆಂಬ ವಾದ ನನ್ನದಲ್ಲ. ಅವರು ಅಳೆದು ನೋಡಲಿಲ್ಲ. ಅಳೆದವನು ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ 1885ರಲ್ಲಿ ಆತ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಒಂದೇ ದಿನ 68 ಸಲ ಉರುಹೊಡೆದರೆ ಸಿಗುವ ಲಾಭ ಮೂರು ದಿನಗಳಿಗೆ ಹಂಚಿ 38 ಸಲ ಉರುಹೊಡೆದಾಗಲೇ ಸಿಕ್ಕಿತು.

ಹುಡುಗನ ಸಮಸ್ಯೆಗೆ ಇನ್ನೂ ಹತ್ತಿರದ್ದು ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರ ಕಳೆದ ಮೇಲೆ ಮುಂದಿದ್ದವರು, ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರು. ಆದರೂ ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಹೆಚ್ಚಾಗಿದ್ದದ್ದು ಮರು ಓದಿದವರಲ್ಲೇ. "ಎಲ್ಲಾ ಬರುತ್ತೆ ಅಮ್ಮ" ಎಂದು ಪುಸ್ತಕ ತೆರೆದಿಟ್ಟುಕೊಂಡು ಹೇಳುವ ಹುಡುಗ ಸುಳ್ಳು ಹೇಳುತ್ತಿಲ್ಲ. ಪುಟದ ಪರಿಚಯವನ್ನೇ ನೆನಪೆಂದು ತಿಳಿದಿದ್ದಾನೆ, ಪರೀಕ್ಷಾ ಕೊಠಡಿಯಲ್ಲಿ ಆ ಪುಟವೆಂಬ ಉದ್ಬೋಧಕ ಇರುವುದಿಲ್ಲ.

ಆದ್ದರಿಂದ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆಯಲಿ, ಬಿಟ್ಟುಹೋದದ್ದನ್ನು ನೋಡಿಕೊಂಡು ಎರಡು ದಿನ ಬಿಟ್ಟು ಮತ್ತೆ ಬರೆಯಲಿ. ಮೊದಮೊದಲು ಹಾಳೆಯ ಬಹುಭಾಗ ಖಾಲಿಯೇ ಉಳಿಯುತ್ತದೆ, ಆಗ ಮನೆಯವರು ಬೈಯಬಾರದು.