ಹಾಲಿನ ಜಗ್

ಇವತ್ತು ಬೆಳಿಗ್ಗೆ ಹಾಲು ಖಾಲಿ. ಕಾರು ತಗೊಂಡು ಹೋದರೆ ಅಂಗಡಿ ಮುಚ್ಚಿದೆ. ಅಯ್ಯೋ, ಥ್ಯಾಂಕ್ಸ್‌ಗಿವಿಂಗ್, ಅಮೆರಿಕದವರ ಕೃತಜ್ಞತೆಯ ಹಬ್ಬ! ಮ್ಯಾಸಚೂಸೆಟ್ಸ್‌ನಲ್ಲಿ ಈ ದಿನ ದೊಡ್ಡ ಅಂಗಡಿಗಳು ತೆರೆಯೋ ಹಾಗಿಲ್ಲ, ಕಾನೂನೇ ಇದೆ. ಪ್ರತಿ ವರ್ಷ ಮರೆಯುತ್ತೇನೆ.

ಕಾಫಿ ಇಲ್ಲದೆ ನನಗೆ ತಲೆ ಓಡಲ್ಲ. ಪಕ್ಕದ ಮನೆ ಅಜ್ಜಿಯ ಬಾಗಿಲು ತಟ್ಟಿದೆ. ಕೈಯೆಲ್ಲ ಬೆಣ್ಣೆ, ಓವನ್ನಿನಲ್ಲಿ ಟರ್ಕಿ ಕೋಳಿ. ನೀಲಿ ಹೂವಿನ ಜಗ್ಗಿನಲ್ಲಿ ಹಾಲು ಕೊಟ್ಟರು. ಟೇಬಲ್ ಮೇಲೆ ಏಳು ತಟ್ಟೆ. ಹೋದ ವರ್ಷ ನಾಲ್ಕೇ ಇತ್ತು ಅಂದರು. ಅವರಿಗೆ ಹಬ್ಬ ಅಂದರೆ ಆ ಲೆಕ್ಕ.

ಆಫೀಸಿನ ಗೆಳತಿಯೊಬ್ಬಳು ಇವತ್ತು ಪ್ಲಿಮತ್‌ಗೆ ಹೋಗಿದ್ದಾಳೆ. ಊಟಕ್ಕಲ್ಲ. ಇಂಗ್ಲೆಂಡಿನಿಂದ ಬಂದ ವಲಸಿಗರು ಮೂಲನಿವಾಸಿಗಳ ಜೊತೆ ಉಂಡ 1621ರ ಸುಗ್ಗಿ ಊಟದಿಂದ ಈ ಹಬ್ಬದ ಕಥೆ ಹುಟ್ಟಿದ ಊರಲ್ಲೇ, 1970ರಿಂದ ಮೂಲನಿವಾಸಿಗಳು ಇದೇ ಗುರುವಾರ ಶೋಕದಿನ ಆಚರಿಸುತ್ತಾರೆ. "ನೆಲ ಕಳಕೊಂಡವರು ಯಾರಿಗೆ ಥ್ಯಾಂಕ್ಸ್ ಹೇಳಬೇಕು?" ಅಂತ ಕೇಳಿದ್ದಳು. ನಾನು ಸುಮ್ಮನಾದೆ.

ನಮ್ಮ ಕಡೆ ಥ್ಯಾಂಕ್ಸ್ ಬಾಯಲ್ಲಿ ಕಡಿಮೆ ಅಲ್ವಾ? ಆಯುಧಪೂಜೆ ದಿನ ಅಪ್ಪ ಸ್ಕೂಟರ್‌ಗೆ ಪ್ರೀತಿಯಿಂದ ಕುಂಕುಮ ಹಚ್ಚುತ್ತಿದ್ದರು. ನಮಗೆ ಅವತ್ತೂ ಬೈಗುಳವೇ.

ಅಮ್ಮನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. ಅವಳದು ಒಂದೇ ಮಾತು, "ಜಗ್ ಖಾಲಿ ವಾಪಸ್ ಕೊಡಬೇಡ ಕಣೇ."

ಈಗ ಜಗ್ ತೊಳೆದು ಒರೆಸಿಟ್ಟಿದ್ದೇನೆ. ಊರಿಂದ ತಂದ ಕೋಡುಬಳೆ ಇದೆ, ಅಜ್ಜಿಯ ಹಲ್ಲಿಗೆ ಆಗುತ್ತೋ ಇಲ್ವೋ. ರವೆ ಇದೆ, ತುಪ್ಪ ಇದೆ. ಉಂಡೆ ಕಟ್ಟೋಕೆ ಎರಡು ಚಮಚ ಹಾಲು ಬೇಕು.

ಅದೂ ಅವರದ್ದೇ.